ನಾಲ್ಕೂ ಗಾಲಿ ಹೊರಳುವ ಪುಟ್ಟ ಗಾಡಿ: ಸಾಲಿನ ತುದಿಯ ತಿರುವಿನ ಲೆಕ್ಕ

ಹಿಂಡಲಗಾ, ಸುಳಗಾ, ಉಚಗಾಂವ ಕಡೆಯ ರೈತ ಬಾಂಧವರಿಗೆ ಹೊಲದ ಅಂಚಿನ ಬೆಲೆಯನ್ನು ಬೇರೆಯವರು ತಿಳಿಸಿ ಹೇಳಬೇಕಾಗಿಲ್ಲ. ವೆಂಗುರ್ಲಾ ರಸ್ತೆಗುಂಟ ಬೆಳಗಾವಿ ನಗರ ಬೆಳೆಯುತ್ತ ಬಂದಂತೆ ಹಿಡುವಳಿಗಳು ಚಿಕ್ಕವಾಗಿವೆ. ಖಾನಾಪುರದತ್ತ ಹೋದರೆ ಇಳಿಜಾರಿನ ಭತ್ತದ ಗದ್ದೆಗಳು ಒಡ್ಡಿನಿಂದ ಒಡ್ಡಿಗೆ ಮೆಟ್ಟಿಲಿನಂತೆ ಇಳಿಯುತ್ತವೆ. ಇಂಥ ಹೊಲಗಳಲ್ಲಿ ಯಂತ್ರವು ಸಾಲಿನ ತುದಿಯಲ್ಲಿ ತಿರುಗಲು ಎಷ್ಟು ಜಾಗ ಬೇಡುತ್ತದೆ ಎಂಬುದು ಸಣ್ಣ ವಿಷಯವಲ್ಲ. 40 ಮೀಟರ್ ಉದ್ದ, 50 ಮೀಟರ್ ಅಗಲದ ಒಂದು ಹೊಲವನ್ನು ತೆಗೆದುಕೊಳ್ಳೋಣ. ಇದು ಸುಮಾರು ಅರ್ಧ ಎಕರೆ. ಸಾಲುಗಳು ಉದ್ದಕ್ಕಿದ್ದು, ಎರಡೂ ತುದಿಗೆ 3 ಮೀಟರಿನಂತೆ ತಿರುವಿನ ಪಟ್ಟಿ ಬಿಟ್ಟರೆ 300 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 3 ಗುಂಟೆ ನೆಲ ಅದಕ್ಕೇ ಹೋಗುತ್ತದೆ. ಅಲ್ಲಿ ಏನೂ ಬೆಳೆಯುವುದಿಲ್ಲವೆಂದಲ್ಲ. ಬೆಳೆದರೂ ಅದು ಗಾಲಿ ತುಳಿದು ಗಟ್ಟಿಯಾದ ನೆಲದ ಬೆಳೆ.

ಎತ್ತುಗಳಿಂದ ಎಡೆ ಹೊಡೆಯುವಾಗ ಈ ತೊಂದರೆ ಇರಲಿಲ್ಲ. ತುದಿಯಲ್ಲಿ ಎಡೆಕುಂಟೆಯನ್ನು ಎತ್ತಿ, ಒಳಗಿನ ಎತ್ತನ್ನು ತಡೆದು, ಹೊರಗಿನ ಎತ್ತನ್ನು ಸುತ್ತಿಸಿದರೆ ಕೆಲಸ ಮುಗಿಯುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಎಡ ಮತ್ತು ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕು ಇಟ್ಟಿರುವುದು ಇದೇ ಕೊರತೆಯನ್ನು ತುಂಬಲಿಕ್ಕೆ. ಆದರೆ ಒಂದು ಗಾಲಿಯನ್ನು ಹಿಡಿದು ತಿರುಗಿಸಿದಾಗ ಅದು ನಿಂತಲ್ಲೇ ಮಣ್ಣನ್ನು ಅರೆಯುತ್ತದೆ. (ರಸ್ತೆಗೆ ಬಂದಾಗ ಆ ಎರಡು ಪೆಡಲುಗಳನ್ನು ಕೊಂಡಿಯಿಂದ ಜೋಡಿಸಲೇಬೇಕು. ಕಬ್ಬಿನ ಟ್ರೇಲರ್ ಎಳೆಯುವವರು ಇದನ್ನು ಮರೆಯಬಾರದು.)

ಇನ್ನೊಂದು ಉಪಾಯವೆಂದರೆ ಹಿಂದಿನ ಗಾಲಿಗಳೂ ಹೊರಳುವಂತೆ ಮಾಡುವುದು. ಇದನ್ನು ಅರಿಯಲು ಲಕ್ಷಗಟ್ಟಲೆ ಹಣ ಬೇಕಿಲ್ಲ. ಈಚೆಗೆ ಯುವಕರ ಕೈಯಲ್ಲಿ ರಾಕ್ ಕ್ರಾಲರ್ ಎಂಬ, ರೇಡಿಯೋದಿಂದ ನಡೆಸುವ, ಬಂಡೆ ಏರುವ ಪುಟ್ಟ ಗಾಡಿಗಳು ಕಾಣುತ್ತಿವೆ. ಇವುಗಳಲ್ಲಿ ಹೆಚ್ಚಿನವು ನಿಜವಾದ ಗಾಡಿಯ ಹತ್ತನೆಯ ಒಂದಂಶದ ಅಳತೆಯವು. ತೂಕ 2-3 ಕಿಲೋ. ನಾಲ್ಕೂ ಗಾಲಿಗಳಿಗೆ ಮೋಟಾರಿನ ಶಕ್ತಿ ಹೋಗುತ್ತದೆ, ಆದರೆ ಸಾಮಾನ್ಯವಾಗಿ ಹೊರಳುವುದು ಮುಂದಿನ ಎರಡು ಮಾತ್ರ. ಬೇಸಾಯಶಾಸ್ತ್ರ ಕಲಿಸುವವನಿಗೆ ಆಟದ ಗಾಡಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಳೆ ತೆಗೆಯುವ ಸಣ್ಣ ರಿಮೋಟ್ ಗಾಡಿಯನ್ನು ಸ್ವಂತವಾಗಿ ಮಾಡಲು ಹೊರಡುವ ಯುವಕರು, ಕಬ್ಬಿಣ ಕತ್ತರಿಸುವ ಮೊದಲು ಇದರ ಮೇಲೆ ಪ್ರಯೋಗ ಮಾಡಿ ನೋಡಿದರೆ ಹಣವೂ ನೆಲವೂ ಉಳಿಯುತ್ತವೆ ಎಂಬುದೇ ಉತ್ತರ.

ತಿರುವಿನ ಲೆಕ್ಕ

ತಿರುಗುವ ಗಾಡಿಯ ಎಲ್ಲ ಗಾಲಿಗಳೂ ಒಂದೇ ಕೇಂದ್ರದ ಸುತ್ತ ಉರುಳಬೇಕು. ಇಲ್ಲವಾದರೆ ಯಾವುದೋ ಒಂದು ಗಾಲಿ ಜಾರುತ್ತದೆ. ಆದ್ದರಿಂದ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ಹೊರಳಬೇಕು. ಮ್ಯೂನಿಕ್ ನಗರದ ಲಾಂಕೆನ್ಸ್‌ಪರ್ಗರ್ ಎಂಬ ಗಾಡಿ ತಯಾರಕ ಕಂಡುಹಿಡಿದ ಈ ಜೋಡಣೆಗೆ ಆಕರ್ಮನ್ ಎಂಬಾತ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಹೆಸರು ಆಕರ್ಮನ್‌ನದೇ ಉಳಿಯಿತು.

ಈಗ ಅಳತೆಗೆ ಬರೋಣ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 30 ಸೆಂ.ಮೀ. ಇರುವ ಗಾಡಿಯ ಮುಂದಿನ ಗಾಲಿಗಳು 30 ಡಿಗ್ರಿ ಹೊರಳಿದವೆಂದು ಇಟ್ಟುಕೊಳ್ಳಿ. ಆಗ ಮುಂದಿನ ಅಚ್ಚಿನ ನಡುಭಾಗ 60 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಸಾಗುತ್ತದೆ, ಹಿಂದಿನದು ಸುಮಾರು 52 ಸೆಂ.ಮೀ. ವೃತ್ತದಲ್ಲಿ. ಹಿಂದಿನ ಗಾಲಿಗಳನ್ನೂ ಅಷ್ಟೇ ಡಿಗ್ರಿ, ಆದರೆ ಎದುರು ದಿಕ್ಕಿಗೆ ಹೊರಳಿಸಿದರೆ ತಿರುವಿನ ಕೇಂದ್ರವು ಗಾಡಿಯ ನಡುಮಧ್ಯದ ನೇರಕ್ಕೆ ಬರುತ್ತದೆ. ಎರಡೂ ಅಚ್ಚುಗಳು ಆಗ 30 ಸೆಂ.ಮೀ. ವೃತ್ತದಲ್ಲಿ ಸಾಗುತ್ತವೆ. ತಿರುವು ಸರಿಯಾಗಿ ಅರ್ಧವಾಯಿತು.

ಬೇಸಾಯದ ದೃಷ್ಟಿಯಿಂದ ಇನ್ನೂ ದೊಡ್ಡ ಲಾಭ ಜಾಡಿನಲ್ಲಿದೆ. ಮುಂದಿನ ಗಾಲಿ ಮಾತ್ರ ಹೊರಳುವ ಗಾಡಿಯಲ್ಲಿ ಹಿಂದಿನದು ಮೇಲೆ ಹೇಳಿದಂತೆ 8 ಸೆಂ.ಮೀ. ಒಳಕ್ಕೆ ಸರಿದು ಬೇರೆ ಜಾಡು ಹಿಡಿಯುತ್ತದೆ. ಹತ್ತು ಪಟ್ಟು ದೊಡ್ಡ ಗಾಡಿಯಲ್ಲಿ ಅದು 80 ಸೆಂ.ಮೀ.; ಗೋವಿನಜೋಳದ ಸಾಲುಗಳ ಅಂತರವೇ 60 ಸೆಂ.ಮೀ. ಎಂಬುದನ್ನು ಗಮನಿಸಿ. ನಾಲ್ಕೂ ಹೊರಳಿದರೆ ಹಿಂದಿನ ಗಾಲಿ ಮುಂದಿನದರ ಜಾಡಿನಲ್ಲೇ ಬರುತ್ತದೆ. ತುಳಿತ ನಾಲ್ಕು ಗೆರೆಗಳಿಂದ ಎರಡಕ್ಕೆ ಇಳಿಯುತ್ತದೆ.

ಜೋಡಿಸುವ ಕ್ರಮ

ಹಿಂದಿನ ಗಟ್ಟಿ ಅಚ್ಚನ್ನು ತೆಗೆದು, ಅದೇ ಗಾಡಿಗೆ ಸಿಗುವ ಮುಂದಿನ ಅಚ್ಚಿನಂಥದೇ ಇನ್ನೊಂದನ್ನು ಕೂಡಿಸುವುದು ಸುಲಭದ ದಾರಿ. ಹೀಗೆ ತಿರುಗಿಸಿ ಇಟ್ಟ ಅಚ್ಚಿನಲ್ಲಿ ಹಲ್ಲಿನ ಚಕ್ರ ತಪ್ಪು ಮಗ್ಗುಲಿಗೆ ಬಂದರೆ ಮುಂದಿನ ಗಾಲಿಗಳು ಮುಂದಕ್ಕೂ ಹಿಂದಿನವು ಹಿಂದಕ್ಕೂ ತಿರುಗುತ್ತವೆ. ಆದ್ದರಿಂದ ಗಾಡಿಯನ್ನು ನೆಲದಿಂದ ಎತ್ತಿ ಹಿಡಿದು ನಿಧಾನವಾಗಿ ಮೋಟಾರು ಕೊಟ್ಟು, ನಾಲ್ಕೂ ಒಂದೇ ದಿಕ್ಕಿಗೆ ತಿರುಗುತ್ತವೆಯೇ ಎಂದು ನೋಡಿದ ಮೇಲೆಯೇ ಮುಂದುವರಿಯತಕ್ಕದ್ದು. ತಪ್ಪಿದ್ದರೆ ಒಳಗಿನ ಹಲ್ಲಿನ ಚಕ್ರವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಬೇಕು.

ಗಾಲಿಗಳನ್ನು ಹೊರಳಿಸುವುದು ಸರ್ವೋ ಎಂಬ ಪುಟ್ಟ ಮೋಟಾರು. ಹಿಂದಿನ ಅಚ್ಚಿಗೆ ಎರಡನೆಯ ಸರ್ವೋ ಬೇಕು. ಕವಲು ತಂತಿ ಹಾಕಿ ಎರಡನ್ನೂ ಒಂದೇ ಚಾನೆಲಿಗೆ ಕಟ್ಟುವವರಿದ್ದಾರೆ. ಖರ್ಚು ಕಡಿಮೆ, ಆದರೆ ಹಿಂದಿನ ಗಾಲಿಗಳನ್ನು ಬೇಕೆಂದಾಗ ನೇರ ನಿಲ್ಲಿಸಲು ಬರುವುದಿಲ್ಲ. ಮೂರು ಅಥವಾ ನಾಲ್ಕು ಚಾನೆಲಿನ ರೇಡಿಯೋ ಕೊಂಡು ಹಿಂದಿನ ಸರ್ವೋಗೆ ಪ್ರತ್ಯೇಕ ಚಾನೆಲು ಕೊಡುವುದು ನನ್ನ ಅಭಿಪ್ರಾಯದಲ್ಲಿ ಮೇಲು. ಆಗ ಮುಂದಿನವು ಮಾತ್ರ, ನಾಲ್ಕೂ ಎದುರು ದಿಕ್ಕಿಗೆ, ನಾಲ್ಕೂ ಒಂದೇ ದಿಕ್ಕಿಗೆ ಎಂಬ ಮೂರು ಬಗೆಗಳೂ ಕೈಗೆ ಬರುತ್ತವೆ.

ಹೆಚ್ಚಿನ ಗಾಡಿಗಳು ಕೈಕೊಡುವುದು ವಿದ್ಯುತ್ತಿನಲ್ಲಿ. ಕಲ್ಲಿಗೆ ಸಿಕ್ಕ ಗಾಲಿಯನ್ನು ಹೊರಳಿಸಲು ಸೆಣಸುವ ಸರ್ವೋ 2-3 ಆಂಪಿಯರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಎರಡು ಸರ್ವೋಗಳು ಒಮ್ಮೆಲೇ ಎಳೆದರೆ ವೇಗ ನಿಯಂತ್ರಕದೊಳಗಿನ ಸಣ್ಣ ವಿದ್ಯುತ್ ಪೂರೈಕೆ ಸಾಲದೆ ವೋಲ್ಟೇಜು ಕುಸಿದು, ರೇಡಿಯೋ ಗ್ರಾಹಕ ಕ್ಷಣಕಾಲ ಸತ್ತಂತಾಗುತ್ತದೆ. ಗಾಡಿ ಆಗ ಯಾರ ಮಾತನ್ನೂ ಕೇಳುವುದಿಲ್ಲ. ಆಟದ ಗಾಡಿಯಾದರೆ ನಗು. ತಿರುಗುವ ಅಲಗು ಕಟ್ಟಿದ ಕಳೆ ಗಾಡಿಯಾದರೆ ಕಾಲು ಹೋಗುವ ಮಾತು. ಸರ್ವೋಗಳಿಗೆ ಬ್ಯಾಟರಿಯಿಂದ ಬೇರೆಯಾಗಿ ವೋಲ್ಟೇಜು ಇಳಿಸುವ ಸಾಧನವನ್ನು ತಪ್ಪದೆ ಹಾಕಬೇಕು. ಅಲ್ಲದೆ ಗಾಲಿ ತಡೆಗೆ ತಾಗುವ ಮೊದಲೇ ಸರ್ವೋ ನಿಲ್ಲುವಂತೆ ರೇಡಿಯೋದಲ್ಲಿ ಮಿತಿ ಹೊಂದಿಸಬೇಕು. ಇಲ್ಲವಾದರೆ ಅದು ಸದಾ ಒತ್ತುತ್ತಲೇ ಇದ್ದು ಕಾಯ್ದು ಸುಡುತ್ತದೆ. ಹಿಂದಿನ ಗಾಲಿಗಳ ಕೋನವನ್ನು ಮುಂದಿನದಕ್ಕಿಂತ ಸ್ವಲ್ಪ ಕಡಿಮೆ ಇಟ್ಟರೆ ಕೀಲುಗಳ ಬಾಳಿಕೆ ಹೆಚ್ಚು.

ಒಡ್ಡಿನ ಪಕ್ಕದಲ್ಲಿ

ಒಡ್ಡಿಗೆ ತಾಗಿ ನಿಂತ ಗಾಡಿಯನ್ನು ಹೊಲದ ಕಡೆಗೆ ತಿರುಗಿಸಿ ನೋಡಿ. ಮುಂದಿನ ಗಾಲಿ ಮಾತ್ರ ಹೊರಳುವ ಗಾಡಿ ಸುಮ್ಮನೆ ಹೊರಬರುತ್ತದೆ. ನಾಲ್ಕೂ ಹೊರಳುವ ಗಾಡಿಯ ಬಾಲ ಮೊದಲು ಒಡ್ಡಿನತ್ತ ಬೀಸಿ ಮಣ್ಣನ್ನು ಕೆಡವುತ್ತದೆ, ಇಲ್ಲವೇ ಗಾಡಿಯೇ ಕೆಳಗಿನ ಗದ್ದೆಗೆ ಜಾರುತ್ತದೆ. ಮೆಟ್ಟಿಲು ಗದ್ದೆಯವರಿಗೆ ಇದು ಮುಖ್ಯ. ಒಡ್ಡಿನ ಹತ್ತಿರ ಹಿಂದಿನ ಗಾಲಿಗಳನ್ನು ನೇರ ನಿಲ್ಲಿಸಿ ಹೊರಬಂದ ಮೇಲೆಯೇ ಹೊರಳಿಸಬೇಕು.

ವೇಗದ ಮಾತೂ ಇದೆ. ವೇಗ ಅಷ್ಟೇ ಇದ್ದು ತಿರುವಿನ ತ್ರಿಜ್ಯ ಅರ್ಧವಾದರೆ ಹೊರಕ್ಕೆ ತಳ್ಳುವ ಬಲ ಎರಡರಷ್ಟಾಗುತ್ತದೆ. 1987ರಲ್ಲಿ ಬಂದ ಹೋಂಡಾ ಪ್ರಿಲ್ಯೂಡ್ ಕಾರಿನಲ್ಲಿ ಚುಕ್ಕಾಣಿಯನ್ನು ಸ್ವಲ್ಪ ತಿರುಗಿಸಿದರೆ ಹಿಂದಿನ ಗಾಲಿಗಳು ಮುಂದಿನವುಗಳ ದಿಕ್ಕಿಗೂ, ಬಹಳ ತಿರುಗಿಸಿದರೆ ಎದುರು ದಿಕ್ಕಿಗೂ ಹೊರಳುತ್ತಿದ್ದುದು ಈ ಕಾರಣಕ್ಕೇ. ಪೂರ್ತಿ ತಿರುವು ನಡಿಗೆಯ ವೇಗದಲ್ಲಿ ಮಾತ್ರ.

ನಾಲ್ಕೂ ಒಂದೇ ದಿಕ್ಕಿಗೆ ಹೊರಳಿದರೆ ಗಾಡಿ ಏಡಿಯಂತೆ ಓರೆಯಾಗಿ ಸಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು ಹೋಗುವಾಗ ಗಾಡಿ ಕೆಳಕ್ಕೆ ಜಾರುತ್ತದಷ್ಟೆ. ಆಗ ಎಲ್ಲ ಗಾಲಿಗಳನ್ನೂ ತುಸು ಮೇಲ್ಮುಖವಾಗಿ ಇಟ್ಟರೆ ಸಾಲು ತಪ್ಪುವುದಿಲ್ಲ. 

ಪುಟ್ಟ ಗಾಡಿ ಹೇಳದ ವಿಷಯ

ಕೋನ, ವೃತ್ತ, ಜಾಡು, ಬಾಲದ ಬೀಸು ಇವೆಲ್ಲ ಚಿಕ್ಕ ಗಾಡಿಗೂ ದೊಡ್ಡದಕ್ಕೂ ಒಂದೇ. ಬಲ ಹಾಗಲ್ಲ. ಎಲ್ಲ ಅಳತೆಗಳನ್ನೂ ಹತ್ತು ಪಟ್ಟು ಮಾಡಿದರೆ ಗಾಲಿ ನೆಲಕ್ಕೆ ತಾಗುವ ಜಾಗ ನೂರು ಪಟ್ಟಾಗುತ್ತದೆ, ತೂಕವಾದರೋ ಸಾವಿರ ಪಟ್ಟು. ನೆಲದ ಮೇಲಿನ ಒತ್ತಡ ಹತ್ತರಷ್ಟಾಯಿತು. ಗಾಲಿಯನ್ನು ಹೊರಳಿಸಲು ಬೇಕಾದ ತಿರುಚು ಬಲ ಹತ್ತು ಸಾವಿರದಷ್ಟು. ಜಂಬಿಟ್ಟಿಗೆ ಕಲ್ಲಿನ ರಾಶಿಯನ್ನು ಪುಟ್ಟ ಗಾಡಿ ಏರಿತೆಂದು ದೊಡ್ಡದೂ ಏರೀತೆಂದು ನಂಬುವಂತಿಲ್ಲ. ಕೆಸರಿನಲ್ಲಂತೂ ಪುಟ್ಟ ಗಾಡಿಯ ಸಾಕ್ಷಿ ಏನೇನೂ ಸಾಲದು. ಎಲ್ಲ ಗಾಲಿಗಳನ್ನೂ ಹೊರಳಿಸುವ ಕ್ಲಾಸ್ ಜೇರಿಯಾನ್‌ನಂಥ ಭಾರಿ ಟ್ರ್ಯಾಕ್ಟರುಗಳಲ್ಲಿ ಆ ಕೆಲಸಕ್ಕೆ ಎಣ್ಣೆಯ ಒತ್ತಡವನ್ನು ಬಳಸುವುದು ಇದಕ್ಕಾಗಿ.

ಪ್ರಯೋಗಕ್ಕೆ ಅಂಗಳವೇ ಸಾಕು. ಸಗಣಿ ಸಾರಿಸಿ ಒಣಗಿದ ನೆಲದ ಮೇಲೆ ರಂಗೋಲಿ ಪುಡಿಯಿಂದ 6 ಸೆಂ.ಮೀ. ಅಂತರದಲ್ಲಿ ಸಾಲುಗಳನ್ನು ಎಳೆದು, ಗಾಲಿಗಳನ್ನು ಒದ್ದೆ ಮಾಡಿ, ಒಂದು ಸಾಲಿನಿಂದ ಹೊರಟು ಬೇಕಾದ ಸಾಲಿಗೆ ಮರಳಿ ಬರುವಂತೆ ತಿರುಗಿಸಿರಿ. ಮೊದಲು ಮುಂದಿನ ಗಾಲಿಗಳಿಂದ, ಆಮೇಲೆ ನಾಲ್ಕರಿಂದ. ಒದ್ದೆ ಜಾಡು ಆರುವ ಮೊದಲು ಸಾಲಿನ ತುದಿಯಿಂದ ಅದರ ಹೊರ ಅಂಚಿನವರೆಗೆ ಅಳೆದು, ಸೆಂಟಿಮೀಟರುಗಳನ್ನು ಹತ್ತರಿಂದ ಗುಣಿಸಿದರೆ, ಅಷ್ಟು ಪಟ್ಟು ದೊಡ್ಡ ಗಾಡಿಗೆ ನಿಮ್ಮ ಹೊಲದಲ್ಲಿ ಬಿಡಬೇಕಾದ ಪಟ್ಟಿಯ ಅಗಲ ಸಿಗುತ್ತದೆ.