ಕೇರಿ, ಕೆರೆ ಮತ್ತು ಒಂದು ಧ್ವನಿನಿಯಮ

ವಿಜಯಪುರ ಜಿಲ್ಲೆಯಲ್ಲಿ ಅರಕೇರಿ ಎಂಬ ಗ್ರಾಮವಿದೆ. ಶ್ರೀರಂಗಪಟ್ಟಣದ ಸೀಮೆಯಲ್ಲಿ ಅರಕೆರೆ ಎಂಬ ಊರುಂಟು. ಪೂರ್ವ ಕರಾವಳಿಯಲ್ಲಿ ಪುದುಚ್ಚೇರಿಯಿದೆ. ಈ ಮೂರು ಹೆಸರುಗಳ ಉತ್ತರಪದಗಳನ್ನು ಒಟ್ಟಿಗಿಟ್ಟು ನೋಡಿದರೆ ದ್ರಾವಿಡ ಭಾಷೆಗಳ ಇತಿಹಾಸದ ಒಂದು ಮುಖ್ಯ ಸಂಗತಿ ಗೋಚರವಾಗುತ್ತದೆ.

ಕೇರಿ ಎಂದರೆ ಓಣಿ, ಜನವಸತಿಯ ಒಂದು ಭಾಗ. ಕೆರೆ ಎಂದರೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಜಲಾಶಯ. ಅರ್ಥದಲ್ಲಿ ಇವೆರಡೂ ಬೇರೆ ಬೇರೆ. ಆದರೆ ಊರ ಹೆಸರುಗಳಲ್ಲಿ ಒಂದು ಮತ್ತೊಂದರೊಡನೆ ಬೆರೆಯುವ ಸಂಭವವುಂಟು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪದಾಂತ್ಯದ ಎಕಾರವು ಇಕಾರವಾಗುತ್ತದೆ: ಮನೆ ‘ಮನಿ’, ತಲೆ ‘ತಲಿ’, ಕೆರೆ ‘ಕೆರಿ’. ಆಗ ಕೆರಿಗೂ ಕೇರಿಗೂ ಉಳಿಯುವ ಅಂತರ ಒಂದೇ ಮಾತ್ರೆ. ಆದುದರಿಂದ ಅರಕೇರಿಯಂತಹ ಹೆಸರನ್ನು ಬಿಡಿಸುವವರು ಈಗಿನ ಬರಹವೊಂದನ್ನೇ ನಂಬಲಾಗದು; ಪ್ರಾಚೀನ ಶಾಸನಗಳನ್ನು ನೋಡಬೇಕು. ಹಳಗನ್ನಡದಲ್ಲಿ ಜಲಾಶಯವು ಶಕಟರೇಫದ ‘ಕೆಱೆ’. ಓಣಿಯು ಸಾಮಾನ್ಯ ರಕಾರದ ‘ಕೇರಿ’. ಇಂದು ಕಣ್ಮರೆಯಾಗಿರುವ ಆ ಒಂದು ಅಕ್ಷರವೇ ಇಲ್ಲಿ ಸಾಕ್ಷಿ.

ಇನ್ನು ಪುದುಚ್ಚೇರಿ. ‘ಪುದು’ ಎಂದರೆ ಹೊಸತು. ‘ಚೇರಿ’ ಎಂಬುದು ನಮ್ಮ ಕೇರಿಯೇ. ಕನ್ನಡದ ಕಕಾರಕ್ಕೆ ತಮಿಳಿನಲ್ಲಿ ಚಕಾರವೇಕೆ? ಇದು ಆಕಸ್ಮಿಕವಲ್ಲ. ನಮ್ಮ ಕಿವಿ ತಮಿಳಿನಲ್ಲೂ ತೆಲುಗಿನಲ್ಲೂ ‘ಚೆವಿ’. ನಮ್ಮ ಗೆಯ್ ಎಂಬ ಧಾತು ತಮಿಳಿನಲ್ಲಿ ‘ಚೆಯ್’. ನಮ್ಮ ಕೆರೆ ತೆಲುಗಿನಲ್ಲಿ ‘ಚೆರುವು’. ಮೂಲದ ಕಕಾರದ ಮುಂದೆ ಇ, ಎ ಸ್ವರಗಳು ಬಂದಲ್ಲಿ ತಮಿಳು, ಮಲಯಾಳಂ, ತೆಲುಗುಗಳು ಅದನ್ನು ಚಕಾರವಾಗಿಸಿದವು. ಕನ್ನಡ ಹಾಗೆ ಮಾಡಲಿಲ್ಲ. ಟಿ. ಬರೋ ಎಂಬ ವಿದ್ವಾಂಸರು 1943ರ ಒಂದು ಲೇಖನದಲ್ಲಿ ಈ ಮಾರ್ಪಾಟನ್ನು ವಿವರವಾಗಿ ಪರಿಶೀಲಿಸಿದರು.

ಹಾಗಾದರೆ ಕೇಳು, ಕೆಡು ಎಂಬ ಧಾತುಗಳು ತಮಿಳಿನಲ್ಲೂ ಕಕಾರವನ್ನೇ ಉಳಿಸಿಕೊಂಡಿರುವುದೇಕೆ? ಅವುಗಳಲ್ಲಿ ಸ್ವರದ ಮುಂದಿರುವುದು ಳ, ಡ ಮುಂತಾದ ಮೂರ್ಧನ್ಯ ವ್ಯಂಜನ. ಅದನ್ನು ಉಚ್ಚರಿಸಲು ನಾಲಗೆ ಮೊದಲೇ ಹಿಂದಕ್ಕೆ ಮಡಿಚಿಕೊಳ್ಳುವುದರಿಂದ ತಮಿಳಿನಲ್ಲಿ ಮಾರ್ಪಾಟು ತಡೆಯಲ್ಪಟ್ಟಿತು. ಅಪವಾದವೆಂದು ತೋರಿದುದಕ್ಕೂ ಹೀಗೆ ಒಂದು ಕಾರಣವಿದೆ.

ಕಕಾರದ ಸ್ಥಾನ ಬಾಯಿಯ ಹಿಂಭಾಗ. ಇ, ಎ ಸ್ವರಗಳಿಗೆ ನಾಲಗೆ ಮುಂದಕ್ಕೆ, ತಾಲುವಿನ ಕಡೆಗೆ ಏಳುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ನುಡಿಯುವಾಗ ಕಕಾರವೂ ಮುಂದಕ್ಕೆ ಸರಿದು ಕೊನೆಗೆ ತಾಲವ್ಯವಾದ ಚಕಾರವಾಗುತ್ತದೆ. ದೂರದ ಯೂರೋಪಿನ ಸ್ಲಾವ್ ಭಾಷೆಗಳಲ್ಲೂ ಇದೇ ನಡೆದಿದೆ. ಚೆಕ್ ಭಾಷೆಯಲ್ಲಿ ಒಂದು ಕಣ್ಣು ‘ಒಕೊ’. ಎರಡು ಕಣ್ಣುಗಳು ‘ಒಚಿ’. ಇಕಾರ ಬಂದೊಡನೆ ಕಕಾರ ಚಕಾರವಾಗಿದೆ. ಪರಸ್ಪರ ಸಂಬಂಧವಿಲ್ಲದ ಭಾಷೆಗಳಲ್ಲಿ ಒಂದೇ ಬಗೆಯ ಬದಲಾವಣೆ ನಡೆಯಲು ಕಾರಣ ಮನುಷ್ಯನ ಬಾಯಿಯ ರಚನೆಯೇ.

ನಮ್ಮ ವ್ಯಾಕರಣದಲ್ಲೂ ತಾಲುವಿನ ಈ ಪ್ರಭಾವ ಕಾಣುತ್ತದೆ. ಊರು ಎಂಬುದಕ್ಕೆ ಸಪ್ತಮಿ ಹತ್ತಿದರೆ ‘ಊರಿನಲ್ಲಿ’ ಎನ್ನುತ್ತೇವೆ. ಆದರೆ ಕೇರಿ, ಕೆರೆಗಳಿಗೆ ‘ಕೇರಿಯಲ್ಲಿ’, ‘ಕೆರೆಯಲ್ಲಿ’ ಎಂದು ಯಕಾರಾಗಮವಾಗುತ್ತದೆ. ಇ, ಎ, ಯ ಮೂರೂ ತಾಲುವಿಗೆ ಸೇರಿದ ಧ್ವನಿಗಳಾದುದರಿಂದ ಎರಡು ಸ್ವರಗಳ ನಡುವೆ ಯಕಾರವು ಸಹಜವಾಗಿ ಮೂಡುತ್ತದೆ. ‘ಕೇರಿಗೆ’ ಎಂಬಲ್ಲಿ ಪ್ರತ್ಯಯವು ವ್ಯಂಜನದಿಂದ ಮೊದಲಾಗುವ ಕಾರಣ ಯಕಾರದ ಅಗತ್ಯವೇ ಇಲ್ಲ.

ಅರಕೇರಿಯ ಮೂಲ ಕೇರಿಯಾಗಲಿ, ಕೆರೆಯಾಗಲಿ, ಅದರ ಕಕಾರವು ನೆರೆಯ ಭಾಷೆಗಳು ಬಿಟ್ಟುಕೊಟ್ಟ ಪುರಾತನ ಧ್ವನಿ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹೆಸರನ್ನು ಹಿರಿಯರು ನುಡಿಯುವ ರೀತಿಯಲ್ಲೇ ಬರೆದಿಟ್ಟುಕೊಂಡು ಶಾಸನದ ರೂಪದೊಡನೆ ಹೋಲಿಸಿ ನೋಡಲಿ. ಫಲಕದ ಮೇಲೆ ಹೆಸರನ್ನು ‘ತಿದ್ದಿ’ ಬರೆಯುವಾಗ ಇಂತಹ ಸಾಕ್ಷ್ಯ ಅಳಿಸಿಹೋಗುತ್ತದೆ; ಒಮ್ಮೆ ಅಳಿದುದನ್ನು ಮರಳಿ ಪಡೆಯುವುದು ಸುಲಭವಲ್ಲ.