ಜ್ಞಾನದ ಕ್ಲೆರಿಕ್ ಕಟ್ಟೋದು ಹೇಗೆ? ಗಿರ್ನಾರ್ ಗುಹೆ, ಬನವಾಸಿ ಮತ್ತು ನಮ್ಮ ಶನಿವಾರದ ಆಟ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಅದರ ಬರಹ ರೂಪ ಇದು. ಮಾತಿನ ಮಧ್ಯೆ ಬಂದ ‘ಆಮೇಲೆ’, ‘ಅಂದ್ರೆ’ಗಳನ್ನ ಅರ್ಧ ತೆಗೆದಿದ್ದೀನಿ, ಇನ್ನರ್ಧ ಹಾಗೇ ಇವೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡದವರಿಗೆ ಎರಡೇ ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ನಡೆಸ್ತಾರೆ, ಅವರೇ ಡಿಎಂ. ಉಳಿದವರು ಒಂದೊಂದು ಪಾತ್ರ ವಹಿಸಿ ‘ನಾನು ಹೀಗೆ ಮಾಡ್ತೀನಿ’ ಅಂತಾರೆ. ಆಗತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸ್ತಾರೆ. ದೇವರಿಂದ ಶಕ್ತಿ ಪಡೆದು ಮಂತ್ರ ಹಾಕುವ ಪಾತ್ರಕ್ಕೆ ಕ್ಲೆರಿಕ್ ಅಂತ ಹೆಸರು. ಯಾವ ಬಗೆಯ ದೇವರು ಅನ್ನೋದರ ಮೇಲೆ ಕ್ಲೆರಿಕ್‌ಗೆ ಒಂದು ಡೊಮೇನ್ ಸಿಗತ್ತೆ. 2014ರ ಐದನೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಇಂಥ ಏಳು ಡೊಮೇನ್ ಇವೆ. ಇವತ್ತಿನ ವಿಷಯ ಅದರಲ್ಲಿ ಒಂದು, ನಾಲೆಡ್ಜ್ ಡೊಮೇನ್.

ಇದನ್ನ ಆಯ್ಕೆ ಮಾಡೋರು ಕಡಿಮೆ. ಕಾರಣ ಇದೆ. ಲೈಫ್ ಡೊಮೇನ್ ತಗೊಂಡ್ರೆ ಗಾಯ ಚೆನ್ನಾಗಿ ವಾಸಿ ಮಾಡ್ತೀರಿ, ದಪ್ಪ ಕವಚವೂ ಸಿಗತ್ತೆ. ಲೈಟ್ ತಗೊಂಡ್ರೆ ಬೆಂಕಿ ಉಗುಳ್ತೀರಿ. ನಾಲೆಡ್ಜ್ ತಗೊಂಡ್ರೆ ಏನು ಸಿಗತ್ತೆ? ಎರಡು ಹೆಚ್ಚುವರಿ ಭಾಷೆ. ಆಮೇಲೆ ಅರ್ಕಾನಾ, ಹಿಸ್ಟರಿ, ನೇಚರ್, ರಿಲಿಜನ್ ಈ ನಾಲ್ಕರಲ್ಲಿ ಯಾವುದಾದರೂ ಎರಡು ವಿದ್ಯೆ, ಅವುಗಳಲ್ಲಿ ದುಪ್ಪಟ್ಟು ಪ್ರಾವೀಣ್ಯ. ರಾಕ್ಷಸ ಎದುರಿಗೆ ನಿಂತಾಗ ಇತಿಹಾಸ ಯಾರಿಗೆ ಬೇಕು ಅಂತ ಎಲ್ಲರೂ ಕೇಳೋದು ಸಹಜ.

ನನ್ನ ಪ್ರಕಾರ ಇದು ಕಾದಾಡುವ ಪಾತ್ರ ಅಲ್ಲವೇ ಅಲ್ಲ. ಇಡೀ ಗುಂಪು ಸರಿಯಾದ ಪ್ರಶ್ನೆ ಕೇಳೋ ಹಾಗೆ ಮಾಡುವ ಪಾತ್ರ. ಹಾಗೆ ಕಟ್ಟಿದ್ರೆ ಮಾತ್ರ ಅದಕ್ಕೊಂದು ಅರ್ಥ.

ನಮ್ಮ ಗುಂಪಿನ ವಿಷಯ ಹೇಳಿದ್ರೆ ಇದು ಯಾಕೆ ಅಂತ ಗೊತ್ತಾಗತ್ತೆ. ಅಹಮದಾಬಾದಿನಲ್ಲಿ ಇಬ್ಬರು, ಸೂರತ್‌ನಲ್ಲಿ ಇಬ್ಬರು, ಡಿಎಂ ಆಗಿ ವಡೋದರಾದಲ್ಲಿ ನಾನು. ಎಲ್ಲರೂ ಕನ್ನಡದವರು, ಎಲ್ಲರದೂ ಸಾಫ್ಟ್‌ವೇರ್ ಹೊಟ್ಟೆಪಾಡು. ಶನಿವಾರ ರಾತ್ರಿ ವಿಡಿಯೋ ಕಾಲ್‌ನಲ್ಲಿ ಆಡ್ತೀವಿ, ಎರಡು ತಿಂಗಳಿಗೊಮ್ಮೆ ಎಲ್ಲರೂ ರೈಲು ಹತ್ತಿ ನಮ್ಮ ಮನೆಗೆ ಬರ್ತಾರೆ. ನವರಾತ್ರಿ ಒಂಬತ್ತು ದಿನ ಆಟಕ್ಕೆ ರಜ, ಗರ್ಬಾ ಸ್ಪೀಕರ್ ಮುಂದೆ ಯಾವ ಡಿಎಂ ಗಂಟಲೂ ನಿಲ್ಲಲ್ಲ. ಮೂರು ವರ್ಷ ನಮ್ಮ ಕ್ಲೆರಿಕ್ ಆಡ್ತಿದ್ದ ಸೂರತ್ ಗೆಳೆಯ ಕಳೆದ ವರ್ಷ ಕೆಲಸ ಬದಲಾಯಿಸಿ ಪುಣೆಗೆ ಹೋದ. ಯಾವ ಶಾಪ ಯಾರ ಮೇಲಿದೆ, ಯಾವ ಬೀಗಕ್ಕೆ ಯಾವ ಕೀಲಿ, ಎಲ್ಲ ಅವನ ತಲೆಯಲ್ಲಿತ್ತು. ಕೆಟಿ ಕೊಡದೇ ರಿಲೀವ್ ಆದ ಸೀನಿಯರ್ ಇದ್ದ ಹಾಗೆ. ಬಸ್ ಫ್ಯಾಕ್ಟರ್ ಒಂದು ಅಂತೀವಲ್ಲ, ಅದೇ.

ಅವನ ಜಾಗಕ್ಕೆ ಬಂದಿದ್ದು ಅಹಮದಾಬಾದಿನ ಅಕ್ಕನ ಮಗಳು. ಹದಿಮೂರು ವರ್ಷ. ಮನೆಯಲ್ಲಿ ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಗುಜರಾತಿ, ಅಷ್ಟಕ್ಕೇ ಟೈಮ್ ಮುಗಿಯತ್ತೆ. ‘ಇವಳ ಕನ್ನಡ ನನ್ನ ಹತ್ರ ಮತ್ತು ಊರಲ್ಲಿರೋ ಅಜ್ಜಿ ಹತ್ರ ಅಷ್ಟೇ ಕಣೋ, ಇನ್ನೂ ನಾಲ್ಕು ಜನರ ಹತ್ರ ಮಾತಾಡ್ಲಿ’ ಅಂದ್ರು ಅಕ್ಕ. ಹುಡುಗಿಯೇ ಕೇಳಿದ್ದು ‘ಮಾಮ, ಎಲ್ಲಾ ಗೊತ್ತಿರೋ ಕ್ಯಾರೆಕ್ಟರ್ ಯಾವುದು?’ ಅಂತ.

ಅವಳಿಗೆ ಕಟ್ಟಿಕೊಟ್ಟ ಲೆಕ್ಕ ಇಲ್ಲಿದೆ. ಪಾಯಿಂಟ್ ಬೈ ಪದ್ಧತಿಯ 27 ಅಂಕಗಳಲ್ಲಿ ವಿಸ್ಡಮ್ 15, ಕಾನ್ಸ್ಟಿಟ್ಯೂಷನ್ 14, ಇಂಟೆಲಿಜೆನ್ಸ್ 13, ಡೆಕ್ಸ್ಟೆರಿಟಿ 12, ಕರಿಸ್ಮಾ 10, ಸ್ಟ್ರೆಂತ್ 8. ವೇರಿಯಂಟ್ ಹ್ಯೂಮನ್ ಆಯ್ದುಕೊಂಡು ವಿಸ್ಡಮ್‌ಗೆ ಒಂದು, ಇಂಟೆಲಿಜೆನ್ಸ್‌ಗೆ ಒಂದು ಸೇರಿಸಿ: 16 ಮತ್ತು 14. ಇಲ್ಲೊಂದು ಸಿಕ್ಕಿದೆ, ಗಮನಿಸಿ. ಕ್ಲೆರಿಕ್ ಮಂತ್ರಗಳು ನಡೆಯೋದು ವಿಸ್ಡಮ್ ಮೇಲೆ, ಆದರೆ ಡೊಮೇನ್ ಕೊಡೋ ನಾಲ್ಕೂ ವಿದ್ಯೆ ಇಂಟೆಲಿಜೆನ್ಸ್ ಮೇಲೆ. ಅದಕ್ಕೇ ಇಂಟೆಲಿಜೆನ್ಸ್ ಅನ್ನು ಎಂಟಕ್ಕೆ ಇಳಿಸಿ ಉಳಿತಾಯ ಮಾಡಬೇಡಿ. 14 ಇದ್ದರೆ ಮೊದಲ ಹಂತದಲ್ಲೇ ಹಿಸ್ಟರಿಗೆ +6 ಬರತ್ತೆ. ಇಂಟೆಲಿಜೆನ್ಸ್ 16 ಇರೋ ವಿಝರ್ಡ್‌ಗೂ ಆಗ ಬರೋದು +5.

ಹಿನ್ನೆಲೆ ಅಕೊಲೈಟ್ ಇರಲಿ. ರಿಲಿಜನ್ ಮತ್ತು ಇನ್‌ಸೈಟ್ ಅಲ್ಲೇ ಸಿಗತ್ತೆ, ಜೊತೆಗೆ ಎರಡು ಭಾಷೆ. ಡೊಮೇನ್‌ನಿಂದ ಅರ್ಕಾನಾ, ಹಿಸ್ಟರಿ ತಗೊಳ್ಳಿ. ಒಟ್ಟು ಆರು ಭಾಷೆ ಆಗತ್ತೆ, ಸೂರತ್ ಮಾರ್ಕೆಟ್‌ನ ಅಂಗಡಿಯವರ ಹಾಗೆ. ಫೀಟ್‌ಗೆ ವಾರ್ ಕ್ಯಾಸ್ಟರ್. ಸ್ಕೇಲ್ ಮೇಲ್ ಮತ್ತು ಗುರಾಣಿ ಸೇರಿ ಆರ್ಮರ್ ಕ್ಲಾಸ್ 17, ಜೀವ 10. ಇಷ್ಟು ಸಾಕು, ಸಾಯಲ್ಲ.

ಈಗ ಮಂತ್ರಗಳು. ಗೈಡೆನ್ಸ್ ಕಡ್ಡಾಯ. ಬೇರೆಯವರು ಏನಾದರೂ ಪ್ರಯತ್ನ ಮಾಡುವಾಗ ಅವರ ದಾಳಕ್ಕೆ ನಾಲ್ಕು ಮುಖದ ಇನ್ನೊಂದು ದಾಳ ಸೇರಿಸತ್ತೆ, ಖರ್ಚಿಲ್ಲ. ಹೊಡೆಯೋಕೆ ಸೇಕ್ರೆಡ್ ಫ್ಲೇಮ್. ಬ್ಲೆಸ್, ಹೀಲಿಂಗ್ ವರ್ಡ್, ಡಿಟೆಕ್ಟ್ ಮ್ಯಾಜಿಕ್ ಸಿದ್ಧ ಇಟ್ಟುಕೊಳ್ಳಿ. ಡೊಮೇನ್ ಕೊಡೋ ಕಮಾಂಡ್ ಮತ್ತು ಐಡೆಂಟಿಫೈ ಯಾವಾಗಲೂ ಸಿದ್ಧವೇ. ಐದನೇ ಹಂತಕ್ಕೆ ಬಂದಾಗ ಸ್ಪಿರಿಟ್ ಗಾರ್ಡಿಯನ್ಸ್ ತಗೊಳ್ಳಿ, ಜಗಳದಲ್ಲಿ ನಿಮ್ಮನ್ನು ಕಡೆಗಣಿಸುವುದು ಅಲ್ಲಿಗೆ ನಿಲ್ಲತ್ತೆ.

ನನಗೆ ನಿಜವಾಗಿ ಇಷ್ಟ ಆಗೋದು ಪ್ರಶ್ನೆ ಕೇಳೋ ಮಂತ್ರಗಳು. ಮೂರನೇ ಹಂತಕ್ಕೆ ಆಗರಿ ಬರತ್ತೆ. ಮುಂದಿನ ಅರ್ಧ ಗಂಟೆಯಲ್ಲಿ ಮಾಡಬೇಕೆಂದಿರೋ ಕೆಲಸ ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋದು. ಉತ್ತರ ಶುಭ, ಅಶುಭ, ಎರಡೂ, ಅಥವಾ ಏನೂ ಇಲ್ಲ. ಊರ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳ್ತಾರಲ್ಲ, ಬಲಗಡೆ ಬಿತ್ತಾ ಎಡಗಡೆ ಬಿತ್ತಾ ಅಂತ, ಥೇಟ್ ಅದೇ. ಬೇಕಾದ ಉತ್ತರ ಬರುವ ತನಕ ಮತ್ತೆ ಮತ್ತೆ ಕೇಳೋರಿಗೂ ಇಲ್ಲಿ ಮದ್ದಿದೆ: ಒಂದೇ ದಿನ ಎರಡನೇ ಸಲ ಕೇಳಿದರೆ ಮನಬಂದಂತೆ ಯಾವುದೋ ಒಂದು ಸೂಚನೆ ಬರುವ ಸಾಧ್ಯತೆ 25%, ಮೂರನೇ ಸಲ 50%. ದಾಳ ಹಾಕೋದು ಡಿಎಂ, ಅದೂ ಗುಟ್ಟಾಗಿ.

ಐದನೇ ಹಂತದಲ್ಲಿ ಸ್ಪೀಕ್ ವಿತ್ ಡೆಡ್. ಬೇತಾಳನ ಕಥೆ ತಿರುಗುಮುರುಗು: ಇಲ್ಲಿ ಪ್ರಶ್ನೆ ಕೇಳೋದು ನಾವು, ಉತ್ತರ ಹೇಳೋದು ಹೆಣ. ಐದೇ ಪ್ರಶ್ನೆ. ಬದುಕಿದ್ದಾಗ ಅದಕ್ಕೆ ಗೊತ್ತಿದ್ದದ್ದಷ್ಟೇ ಗೊತ್ತು, ಹತ್ತು ದಿನ ಕಳೆಯದೆ ಮತ್ತೆ ಎಬ್ಬಿಸೋ ಹಾಗಿಲ್ಲ. ನಮ್ಮ ಮೇಜಿನಲ್ಲಿ ಈ ಐದು ಪ್ರಶ್ನೆ ಬರೆಯೋಕೆ ಮುಕ್ಕಾಲು ಗಂಟೆ ಚರ್ಚೆ ಆಗಿದ್ದಿದೆ. ಆ ಮುಕ್ಕಾಲು ಗಂಟೆಯೇ ಈ ಪಾತ್ರದ ಸಾರ್ಥಕತೆ ಅಂತೀನಿ ನಾನು.

ಸರಿ, ಲೆಕ್ಕ ಮುಗೀತು. ಇವಳಿಗೆ ದೇವರು ಯಾರು, ಗುರು ಯಾರು, ಕಥೆ ಏನು? ಪುಸ್ತಕ ಓಘ್ಮಾ ಅನ್ನುತ್ತೆ, ಈಜಿಪ್ಟಿನ ಥಾತ್ ಅನ್ನುತ್ತೆ. ಹುಡುಗಿಗೆ ಇಬ್ಬರೂ ದೂರ. ಹತ್ತಿರದಲ್ಲೇ, ನಾವು ಓಡಾಡುವ ರೈಲು ದಾರಿಯ ಮೇಲೇ ಒಂದು ಮಾದರಿ ಇದೆ. ಅದು ಷಟ್ಖಂಡಾಗಮದ ಕಥೆ.

ದಿಗಂಬರ ಜೈನ ಪರಂಪರೆ ಹೇಳೋದು ಹೀಗೆ. ಮಹಾವೀರರ ಉಪದೇಶ ಶತಮಾನಗಳ ಕಾಲ ಬಾಯಿಂದ ಬಾಯಿಗೆ ನಡೆದು ಬಂತು. ನೆನಪಿಟ್ಟವರು ಕಡಿಮೆಯಾಗ್ತಾ ಹೋದರು. ಸೌರಾಷ್ಟ್ರದ ಗಿರಿನಗರ, ಅಂದ್ರೆ ಇವತ್ತಿನ ಜುನಾಗಢದ ಗಿರ್ನಾರ್, ಅಲ್ಲಿನ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ಇದ್ದರು. ವಯಸ್ಸಾಗಿತ್ತು. ತಮ್ಮ ಜೊತೆಗೆ ಇದೂ ಹೋಗತ್ತೆ ಅನ್ನೋ ಭಯ. ದಕ್ಷಿಣಾಪಥದ ಮುನಿಗಳಿಗೆ ಪತ್ರ ಕಳಿಸಿದರು. ಅವರು ಇಬ್ಬರು ಸಮರ್ಥರನ್ನು ಕಳಿಸಿಕೊಟ್ಟರು.

ಬಂದವರಿಗೆ ಧರಸೇನರು ನೇರವಾಗಿ ಪಾಠ ಶುರು ಮಾಡಲಿಲ್ಲ. ಇಬ್ಬರಿಗೂ ಒಂದೊಂದು ಮಂತ್ರವಿದ್ಯೆ ಕೊಟ್ಟು ಉಪವಾಸವಿದ್ದು ಸಾಧಿಸಿ ಅಂದರು. ಒಂದರಲ್ಲಿ ಬೇಕೆಂದೇ ಅಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಕಡಿಮೆ. ಸಾಧನೆ ಮುಗಿದಾಗ ದೇವತೆಗಳೇನೋ ಬಂದರು, ಆದರೆ ಒಬ್ಬಳಿಗೆ ಉಬ್ಬುಹಲ್ಲು, ಒಬ್ಬಳಿಗೆ ಒಂದೇ ಕಣ್ಣು. ಇಬ್ಬರೂ ಹೆದರಲಿಲ್ಲ, ಕೈಮುಗಿದು ವರ ಕೇಳಲೂ ಇಲ್ಲ. ದೇವತೆಗಳು ವಿಕಾರವಾಗಿರೋದಿಲ್ಲವಲ್ಲ, ಹಾಗಾದರೆ ತಪ್ಪು ಮಂತ್ರದಲ್ಲಿದೆ ಅಂತ ಯೋಚಿಸಿದರು. ಮಂತ್ರಶಾಸ್ತ್ರದ ನಿಯಮ ಹಿಡಿದು ಹೆಚ್ಚಿದ್ದನ್ನು ತೆಗೆದರು, ಇಲ್ಲದ್ದನ್ನು ಸೇರಿಸಿದರು. ಮತ್ತೆ ಜಪಿಸಿದಾಗ ದೇವತೆಗಳು ತಮ್ಮ ಸಹಜ ರೂಪದಲ್ಲಿ ಬಂದರು. ಆಮೇಲೆ ಪಾಠ ಶುರುವಾಯಿತು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ. ಈ ಪ್ರಸಂಗ ನಮಗೆ ಸಿಗೋದು 9ನೇ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ.

ಡಿಬಗ್ ಮಾಡೋರಿಗೆ ಇದಕ್ಕಿಂತ ಒಳ್ಳೆ ಕಥೆ ನನಗೆ ಗೊತ್ತಿಲ್ಲ. ಉಬ್ಬುಹಲ್ಲು ಒಂದು ಎರರ್ ಮೆಸೇಜ್.

ಪಾಠ ಮುಗಿಸಿ ಹೊರಟವರು ಮಳೆಗಾಲ ಕಳೆದದ್ದು ಅಂಕುಲೇಶ್ವರದಲ್ಲಿ. ಅದು ಇವತ್ತಿನ ಅಂಕ್ಲೇಶ್ವರ ಅಂತ ಗುರುತಿಸ್ತಾರೆ. ವಡೋದರಾದಿಂದ ಸೂರತ್‌ಗೆ ಹೋಗುವಾಗ ಭರೂಚ್ ಆದಮೇಲೆ ನರ್ಮದೆ ದಾಟಿದ ಕೂಡಲೇ ಬರೋ ಸ್ಟೇಷನ್. ಅಲ್ಲಿಂದ ಪುಷ್ಪದಂತರು ಹೋದದ್ದು ನಮ್ಮ ಬನವಾಸಿಗೆ. ಅಲ್ಲಿ ಮೊದಲ 177 ಸೂತ್ರ ರಚಿಸಿ, ಶಿಷ್ಯ ಜಿನಪಾಲಿತನಿಗೆ ಕಲಿಸಿ, ಅವನನ್ನು ದ್ರಾವಿಡ ದೇಶದಲ್ಲಿದ್ದ ಭೂತಬಲಿ ಹತ್ತಿರ ಕಳಿಸಿದರು. ಗೆಳೆಯನ ಆಯುಷ್ಯ ಹೆಚ್ಚು ಉಳಿದಿಲ್ಲ ಅಂತ ಅರ್ಥ ಮಾಡಿಕೊಂಡ ಭೂತಬಲಿ ಉಳಿದದ್ದನ್ನು ತಾವೇ ಬರೆದು ಮುಗಿಸಿದರು. ಮೂಲ ಪ್ರಾಕೃತದಲ್ಲಿದೆ. ಆದರೆ ಅದು ಉಳಿದು ಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಒಟ್ಟು 16 ಸಂಪುಟ. ಗುಜರಾತಿನ ಗುಹೆಯಲ್ಲಿ ಹೇಳಿದ್ದನ್ನ ನಮ್ಮ ಕರಾವಳಿಯಲ್ಲಿ ನಮ್ಮ ಲಿಪಿ ಕಾಪಾಡಿಕೊಂಡು ಬಂತು ಅನ್ನೋದು ಇಲ್ಲಿ ಎಷ್ಟೋ ಕನ್ನಡದವರಿಗೆ ಗೊತ್ತಿಲ್ಲ.

ಒಂದು ಎಚ್ಚರ. ಈ ಆಚಾರ್ಯರು ಪೂಜ್ಯರು, ಇಲ್ಲಿ ನಮ್ಮ ಅಕ್ಕಪಕ್ಕದ ಮನೆಯವರಿಗಂತೂ ಪ್ರತಿದಿನದ ಪೂಜ್ಯರು. ಅವರ ಹೆಸರಿಗೆ ಹಿಟ್ ಪಾಯಿಂಟ್ ಬರೆಯೋದು ನನಗೆ ಸರಿ ಕಾಣಲ್ಲ. ಹೆಸರು ಬಿಟ್ಟು, ಕಥೆಯ ಎಲುಬು ಮಾತ್ರ ತಗೊಂಡೆವು: ಗುಹೆಯಲ್ಲಿ ಒಬ್ಬ ಮುದುಕಿ, ಅವಳ ಕೊನೆಯ ಶಿಷ್ಯೆ, ಅರ್ಧ ಹೇಳಿ ನಿಂತ ಪಾಠ. ಶಿಷ್ಯೆಯೇ ಹುಡುಗಿಯ ಕ್ಲೆರಿಕ್. ಪುಣೆಗೆ ಹೋದ ಗೆಳೆಯನ ಹಳೆಯ ಕ್ಲೆರಿಕ್ ಕಥೆಯಲ್ಲಿ ಪತ್ರ ಬರೆದ. ನಿಜವಾಗಿಯೂ ಅವನೇ ವಾಟ್ಸಾಪ್‌ನಲ್ಲಿ ನೆನಪಿದ್ದದ್ದನ್ನೆಲ್ಲ ಬರೆದು ಕಳಿಸಿದ, ಕನ್ನಡದಲ್ಲಿ, ಹನ್ನೊಂದು ಪುಟ ಆಯಿತು.

ಆಟದಲ್ಲಿ ಪರೀಕ್ಷೆ ಹೀಗಿತ್ತು. ಕಲ್ಲಿನ ಬಾಗಿಲು, ಪಕ್ಕದಲ್ಲಿ ಕೆತ್ತಿದ ಮಂತ್ರ. ನಾನು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದು ಅವಳ ಕೈಗೆ ಕೊಟ್ಟೆ: ‘ಕಲೇ ಕರಗು’. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಬಾಗಿಲ ಮೇಲಿನ ನೂರು ವರ್ಷದ ಪಾಚಿ, ಮಸಿ ಎಲ್ಲ ಮಾಯ, ಬಾಗಿಲು ಫಳಫಳ. ತೆರೆಯಲಿಲ್ಲ. ಸೂರತ್‌ನವರು ‘ಕ್ಲೀನಿಂಗ್ ಸ್ಪೆಲ್ ಸೂಪರ್’ ಅಂತ ನಕ್ಕರು. ಅವಳು ನಗಲಿಲ್ಲ. ‘ಕಲೆ ಅಂದ್ರೆ ಡಾಗ್ ಅಲ್ವಾ ಮಾಮ?’ ಅಂದಳು, ಗುಜರಾತಿಯಲ್ಲಿ ಕಲೆಗೆ ಡಾಗ್ ಅಂತಾರೆ. ಸ್ವಲ್ಪ ಹೊತ್ತು ಬಿಟ್ಟು ಅಮ್ಮನ ಕಡೆ ತಿರುಗಿ, ‘ಲ ಕೆಳಗೆ ಇನ್ನೊಂದು ಲ ಹೆಂಗೆ ಬರೀತಾರೆ?’ ಒತ್ತಕ್ಷರ ಬಿದ್ದಮೇಲೆ ‘ಕಲ್ಲೇ ಕರಗು’. ಬಾಗಿಲು ಕರಗಿತು.

ಡಿಎಂಗಳಿಗೆ ಇಲ್ಲಿಂದ ಎರಡು ಮಾತು. ಮುಖ್ಯ ಸುಳಿವನ್ನು ದಾಳದ ಹಿಂದೆ ಬಚ್ಚಿಡಬೇಡಿ. ಜ್ಞಾನದ ಕ್ಲೆರಿಕ್‌ಗೆ ಹಿಸ್ಟರಿ +6 ಇದ್ದರೂ ದಾಳದಲ್ಲಿ ಎರಡು ಬಿದ್ದು ಕಥೆ ನಿಂತು ಹೋದರೆ ಯಾರಿಗೂ ಲಾಭ ಇಲ್ಲ. ಬಾಗಿಲು ತಪ್ಪಾಗಿ ವರ್ತಿಸಿದ್ದು ಎಲ್ಲರಿಗೂ ಕಾಣಲಿ, ದಾಳ ಚೆನ್ನಾಗಿ ಬಿದ್ದರೆ ಯಾಕೆ ಅನ್ನೋದರ ಅರ್ಧ ಹೇಳಿ. ಇನ್ನೊಂದು, ಎರಡನೇ ಹಂತದಲ್ಲಿ ಸಿಗೋ ನಾಲೆಡ್ಜ್ ಆಫ್ ದಿ ಏಜಸ್. ಹತ್ತು ನಿಮಿಷ ಯಾವುದೇ ಒಂದು ವಿದ್ಯೆ ಅಥವಾ ಉಪಕರಣದಲ್ಲಿ ಪ್ರಾವೀಣ್ಯ ಬರತ್ತೆ. ಬಡಗಿ ಕೆಲಸ, ದೋಣಿ ನಡೆಸೋದು, ಬೀಗ ತೆಗೆಯೋದು, ಏನು ಬೇಕಾದರೂ. ‘ಈ ವಿದ್ಯೆ ನಿನಗೆ ಯಾರಿಂದ ಬಂತು?’ ಅಂತ ಪ್ರತಿ ಸಲ ಕೇಳಿ. ನಮ್ಮ ಹುಡುಗಿ ಪ್ರತಿ ಸಲ ಒಬ್ಬೊಬ್ಬ ಸತ್ತ ಗುರುವನ್ನು ಹುಟ್ಟಿಸ್ತಾಳೆ. ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತಾಳೆ, ಈಗೀಗ ಕನ್ನಡದಲ್ಲೇ, ದೀರ್ಘಗಳನ್ನು ಅರ್ಧ ಮರೆತು. ಆ ನೋಟ್‌ಬುಕ್ ಗುಂಪಿನ ಸ್ವತ್ತು, ಯಾರು ಬೇಕಾದರೂ ತೆಗೆದು ನೋಡಬಹುದು ಅನ್ನೋದು ನಮ್ಮ ಮೇಜಿನ ನಿಯಮ.

ಆರನೇ ಹಂತದಲ್ಲಿ ರೀಡ್ ಥಾಟ್ಸ್ ಬರತ್ತೆ, ಎದುರಿನವರ ಮನಸ್ಸು ಓದೋದು. ಅದನ್ನ ಗೆಳೆಯರ ಪಾತ್ರಗಳ ಮೇಲೆ ಬಳಸಲು ಬಿಡಬೇಡಿ, ಜಗಳ ಗ್ಯಾರಂಟಿ. ಹದಿನೇಳನೇ ಹಂತದ ವಿಷನ್ಸ್ ಆಫ್ ದಿ ಪಾಸ್ಟ್ ಬಗ್ಗೆ ಏನೂ ಹೇಳಲ್ಲ, ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಇವಳು ಕಾಲೇಜು ಮುಗಿಸಿರ್ತಾಳೆ.

ಪುಸ್ತಕ ಕೊಳ್ಳೋರಿಗೆ: 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಕ್ಲೆರಿಕ್‌ಗೆ ಲೈಫ್, ಲೈಟ್, ಟ್ರಿಕರಿ, ವಾರ್ ಈ ನಾಲ್ಕೇ ಇವೆ, ನಾಲೆಡ್ಜ್ ಇಲ್ಲ. ಮೇಲಿನ ಲೆಕ್ಕ ಎಲ್ಲ 2014ರದ್ದು. ಕ್ಲೆರಿಕ್‌ನ ಮೂಲ ನಿಯಮಗಳು ಎಸ್‌ಆರ್‌ಡಿ 5.1ರಲ್ಲಿ ಪುಕ್ಕಟೆ ಸಿಗತ್ತೆ, ಆದರೆ ಅದರಲ್ಲಿ ಲೈಫ್ ಡೊಮೇನ್ ಒಂದೇ ಇದೆ. ಹಾಗಾಗಿ ಹಳೆಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಮಾರೋಕೆ ಬಿಡಬೇಡಿ. ಮುಂದಿನ ವಾರ ಡ್ರೂಯಿಡ್.