ಕೀಲಿಮಣೆ ಪಿಟೀಲಿನ ಊರು

ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಉಪ್ಸಲಾ. ಅಲ್ಲಿ ಯೇವ್ಲೆ ಕಡೆಯ ಲೋಕಲ್ ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಟೋಬೋ ಬರುತ್ತದೆ. ಬಯಲು, ಬಯಲಿನಾಚೆ ಕಾಡು, ನಡುವೆ ಕೆಂಪು ಬಣ್ಣ ಬಳಿದ ಮರದ ಮನೆಗಳು. ಜನಸಂಖ್ಯೆ ಆರುನೂರರ ಆಸುಪಾಸು. ನಮ್ಮ ಲೆಕ್ಕದಲ್ಲಿ ಇದು ಊರಲ್ಲ, ಕೇರಿ. ಇಂಥ ಜಾಗಕ್ಕೆ ಫ್ರಾನ್ಸ್, ಜರ್ಮನಿ, ಜಪಾನ್, ಅಮೆರಿಕಗಳಿಂದ ಹುಡುಗ ಹುಡುಗಿಯರು, ಕೆಲಸ ಬಿಟ್ಟು ಬಂದ ನಡುವಯಸ್ಸಿನವರೂ, ಒಂದು ವಾದ್ಯ ಕಲಿಯಲೆಂದೇ ಬಂದು ಬಿಡಾರ ಹೂಡುತ್ತಾರೆ. ಆ ವಾದ್ಯದ ಹೆಸರು ನಿಕೆಲ್‌ಹಾರ್ಪಾ. ಕಲಿಸುವ ಮನೆ ಎರಿಕ್ ಸಾಲ್‌ಸ್ಟ್ರೋಮ್ ಇನ್‌ಸ್ಟಿಟ್ಯೂಟ್.

1998ರಲ್ಲಿ ಶುರುವಾದ ಈ ಸಂಸ್ಥೆ ಇರುವುದು ಹಳೆಯ ಕಬ್ಬಿಣದ ಕಾರ್ಖಾನೆಯ ಯಜಮಾನರ ಬಂಗಲೆಯಲ್ಲಿ. ಉಪ್‌ಲಾಂಡ್ ಎಂಬ ಈ ಸೀಮೆಯೇ ಕಬ್ಬಿಣದ ಸೀಮೆ. ಹತ್ತಿರದ ದಾನೆಮೂರಾ ಗಣಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಹೊಳೆಯ ನೀರು ಎಲ್ಲ ಸೇರಿ ಹಳ್ಳಿಗೊಂದು ಕುಲುಮೆ ಎದ್ದಿತ್ತು. 17ನೇ ಶತಮಾನದಲ್ಲಿ ಈಗಿನ ಬೆಲ್ಜಿಯಂ ಭಾಗದ ವಲ್ಲೂನ್ ಕಮ್ಮಾರರನ್ನು ಇಲ್ಲಿಗೆ ಕರೆತಂದರು. ಅವರ ಕಾಲದ ಕುಲುಮೆಯೊಂದು ಓಸ್ಟರ್‌ಬಿಬ್ರುಕ್‌ನಲ್ಲಿ ಇನ್ನೂ ನೋಡಲು ಸಿಗುತ್ತದೆ. ಹೊರದೇಶದವರು ಬಂದು ನೆಲೆಸಿ ಕೈಕಸುಬು ಮಾಡುವುದು ಈ ಸೀಮೆಗೆ ಹೊಸತೇನಲ್ಲ. ಆಗ ಕಬ್ಬಿಣ, ಈಗ ಸಂಗೀತ, ಅಷ್ಟೆ.

ಪಿಟೀಲನ್ನು ಉದ್ದಕ್ಕೆ ಹಿಗ್ಗಿಸಿ, ಅದರ ಕೊರಳಿಗೆ ಮರದ ಕೀಲಿಗಳ ಸಾಲು ಜೋಡಿಸಿದರೆ ನಿಕೆಲ್‌ಹಾರ್ಪಾ ಆಗುತ್ತದೆ. ಹೆಗಲಿಗೆ ಪಟ್ಟಿ ಹಾಕಿಕೊಂಡು, ಹೊಟ್ಟೆಗೆ ಅಡ್ಡಲಾಗಿ ಹಿಡಿದು, ಬಲಗೈಯಲ್ಲಿ ಗಿಡ್ಡ ಕಮಾನು ಎಳೆಯುತ್ತಾರೆ. ಎಡಗೈ ಬೆರಳುಗಳು ಅಡಿಯಿಂದ ಮೇಲಕ್ಕೆ ಕೀಲಿ ಒತ್ತುತ್ತವೆ. ಕೀಲಿಯ ಮೇಲೆ ನಿಂತ ಪುಟ್ಟ ಮರದ ಹಲ್ಲು ತಂತಿಗೆ ತಾಕಿದರೆ ಸ್ವರ. ಬೆರಳು ತೆಗೆದರೆ ಕೀಲಿ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ಸ್ಪ್ರಿಂಗ್ ಗಿಂಗ್ ಏನೂ ಇಲ್ಲ. ಹಾಗಾಗಿ ದ್ರುತದಲ್ಲಿ ನುಡಿಸುವಾಗ ರಾಗದ ಅಡಿಯಲ್ಲೊಂದು ಟಕಟಕ ಸದ್ದು ಸದಾ ಇರುತ್ತದೆ. ರೆಕಾರ್ಡಿಂಗ್ ಮಾಡುವವರಿಗೆ ಅದು ತಲೆನೋವು. ಹತ್ತಿರ ಕೂತು ಕೇಳಿದವರಿಗೆ ಅದಿಲ್ಲದೆ ವಾದ್ಯವೇ ಅಲ್ಲ.

ಒಟ್ಟು 16 ತಂತಿ. ಕಮಾನು ಮುಟ್ಟುವುದು ನಾಲ್ಕನ್ನು ಮಾತ್ರ: ಮೂರು ಸ್ವರ ನುಡಿಸಲು, ಒಂದು ಶ್ರುತಿ ಹಿಡಿಯಲು. ಉಳಿದ 12 ತಂತಿಗಳು ಕೆಳಗೆ ಮಲಗಿದ್ದು, ಮೇಲಿನ ಸ್ವರಕ್ಕೆ ತಾವಾಗಿಯೇ ಮಿಡಿಯುತ್ತವೆ. ಸಿತಾರು, ಸಾರಂಗಿಗಳ ತರಬ್ ತಂತಿ ಕೇಳಿ ಬಲ್ಲ ಕಿವಿಗೆ ಈ ಅನುರಣನ ತಟ್ಟನೆ ಪರಿಚಿತವೆನಿಸುತ್ತದೆ. ಆದರೆ ಸಾಮ್ಯ ಅಲ್ಲಿಗೇ ನಿಲ್ಲುತ್ತದೆ. ಸ್ವರಸ್ಥಾನವನ್ನು ಕೀಲಿ ಗಟ್ಟಿಯಾಗಿ ಕಟ್ಟಿಹಾಕುವುದರಿಂದ ನಮ್ಮ ಜಾರುಗಮಕ ಇದರಲ್ಲಿ ಕೈಗೂಡದು. ಹೇಳಬೇಕಾದ್ದನ್ನೆಲ್ಲ ಕಮಾನೇ ಹೇಳಬೇಕು. ಪಿಟೀಲು ಬಲ್ಲವರು ಅರ್ಧ ದಾರಿ ಮುಗಿದಿದೆ ಎಂದುಕೊಂಡು ಬಂದು ಮೊದಲ ವಾರಗಳಲ್ಲೇ ಪೇಚಾಡುವುದು ಇಲ್ಲಿಯೇ. ಅಪಸ್ವರ ಬರುವುದಿಲ್ಲ, ಹಾಗೆಂದು ಕುಣಿತವೂ ಬರುವುದಿಲ್ಲ.

ಕುಣಿತದ ಮಾತು ಸುಮ್ಮನೆ ಬಂದದ್ದಲ್ಲ. ಈ ಸಂಗೀತ ಮೂಲತಃ ಕೂತು ಕೇಳುವುದಕ್ಕೆ ಹುಟ್ಟಿದ್ದಲ್ಲ, ಮದುವೆಗೆ, ಮೆರವಣಿಗೆಗೆ, ಜೋಡಿ ಕುಣಿತಕ್ಕೆ ಹುಟ್ಟಿದ್ದು. ಮುಖ್ಯ ಪ್ರಕಾರ ಪೋಲ್ಸ್ಕಾ. ಲೆಕ್ಕಕ್ಕೆ ಮೂರು ಎಣಿಕೆ. ಆದರೆ ಅನೇಕ ಸೀಮೆಗಳಲ್ಲಿ ಆ ಮೂರೂ ಒಂದೇ ಅಳತೆಯವಲ್ಲ. ಒಂದು ಕಡೆ ಮೊದಲ ಏಟು ಮೊಟಕು, ಇನ್ನೊಂದು ಕಡೆ ಎರಡನೆಯದು ತುಸು ಬೇಗ ಬಂದು ಎಳೆದು ನಿಲ್ಲುತ್ತದೆ. ಎಷ್ಟು ಮೊಟಕು ಎಂದು ಸ್ವರಲಿಪಿಯಲ್ಲಿ ಬರೆಯಹೊರಟವರು ಸೋತಿದ್ದಾರೆ. ಅದನ್ನು ಕಲಿಯುವ ನೇರ ದಾರಿ ಹಲಗೆಯ ನೆಲದ ಮೇಲೆ ಜೋಡಿಯ ಜೊತೆ ಸುತ್ತುವುದು. ಮೈ ಎಲ್ಲಿ ಇಳಿಯುತ್ತದೆ, ಎಲ್ಲಿ ಏಳುತ್ತದೆ ಎಂದು ಕಾಲಿಗೆ ತಿಳಿದ ಮೇಲೆ ಕಮಾನಿಗೆ ತಿಳಿಯುತ್ತದೆ. ಆದ್ದರಿಂದಲೇ ಟೋಬೋದಲ್ಲಿ ವಾದ್ಯದ ಪಾಠ, ಜಾನಪದ ನೃತ್ಯದ ಪಾಠ, ವಾದ್ಯ ಮಾಡುವ ಬಡಗಿ ಪಾಠ ಎಲ್ಲವೂ ಒಂದೇ ಆವರಣದಲ್ಲಿವೆ. ನುಡಿಸಲು ಬಂದವರು ಕುಣಿಯುವವರಿಗೆ ನುಡಿಸಲೇಬೇಕಾಗುತ್ತದೆ. ಗತಿ ಕೆಟ್ಟರೆ ಕುಣಿಯುವವರ ಹೆಜ್ಜೆ ಅಲ್ಲೇ ತೊಡರುತ್ತದೆ. ಪರೀಕ್ಷಕರ ಟಿಪ್ಪಣಿಗಿಂತ ಅದು ಚುರುಕಾದ ಮೌಲ್ಯಮಾಪನ.

ಪಾಠ ಕಿವಿಯಿಂದ. ಗುರು ಒಂದು ತುಣುಕು ನುಡಿಸುತ್ತಾರೆ, ಶಿಷ್ಯರು ಸುತ್ತ ಕೂತು ಅದನ್ನೇ ನುಡಿಸುತ್ತಾರೆ. ಮತ್ತೆ ಅದೇ ತುಣುಕು. ಅದಕ್ಕೆ ಇನ್ನೊಂದು ಎಳೆ. ಸರಳೆ ಜಂಟಿ ವರಿಸೆಯಂಥ ಮೆಟ್ಟಿಲು ಇಲ್ಲ, ಮೊದಲ ದಿನದಿಂದಲೇ ಇಡೀ ಹಾಡು. ಪ್ರತಿ ಹಾಡಿಗೂ ಒಬ್ಬರ ಹೆಸರು ಅಂಟಿಕೊಂಡಿರುತ್ತದೆ, ರಚಿಸಿದವರದೇ ಆಗಬೇಕೆಂದಿಲ್ಲ, ಯಾರ ಕೈಯಿಂದ ಬಂತೋ ಅವರದು. ಕರ್ನಾಟಕ ಸಂಗೀತದವರು ಪಾಠಾಂತರ ಎನ್ನುವ ಹಾಗೆಯೇ. ಎಲ್ವ್‌ಕಾರ್ಲೆಬಿಯ ಬಿಸ್ ಕಾಲ್ಲೆ (1783–1847) ಎಂಬ ವಾದಕನ ಪೋಲ್ಸ್ಕಾಗಳು ಹೀಗೆ ಕೈಯಿಂದ ಕೈಗೆ ದಾಟಿ ಇಂದಿಗೂ ಪ್ರತಿ ವಿದ್ಯಾರ್ಥಿಯ ಬತ್ತಳಿಕೆಯಲ್ಲಿವೆ. ನುಡಿಸುವ ಮುಂಚೆ ಇದನ್ನು ಯಾರಿಂದ ಕಲಿತೆ ಎಂದು ಹೇಳುವುದು ಇಲ್ಲಿನ ಮರ್ಯಾದೆ. ಕ್ಯೋಟೋದಿಂದ ಬಂದವರಿಗೂ ಅದೇ ನಿಯಮ, ಪಕ್ಕದ ಟೀರ್ಪ್‌ನಿಂದ ಬಂದವರಿಗೂ ಅದೇ.

ಬಹುತೇಕರು ಟೋಬೋಗೆ ಬರುವುದು ಪ್ರಾಚೀನವಾದದ್ದನ್ನು ಹುಡುಕಿಕೊಂಡು. ಪ್ರಾಚೀನತೆಗೆ ಕೊರತೆಯೂ ಇಲ್ಲ. ಗೋಟ್‌ಲಾಂಡ್ ದ್ವೀಪದ ಶೆಲ್ಲುಂಗೆ ಚರ್ಚಿನ ಕಲ್ಲಿನಲ್ಲಿ ಸುಮಾರು 1350ರಷ್ಟು ಹಿಂದೆಯೇ ಇಂಥದೊಂದು ವಾದ್ಯ ಕೆತ್ತಿದ್ದಾರೆ. ಟೀರ್ಪ್ ಬಳಿಯ ತೋಲ್ಫ್‌ತಾ ಚರ್ಚಿನ ಗೋಡೆಯಲ್ಲಿ, 1500ರ ಆಸುಪಾಸಿನ ಚಿತ್ರದಲ್ಲಿ, ದೇವದೂತನೊಬ್ಬ ಇದನ್ನೇ ನುಡಿಸುತ್ತಿದ್ದಾನೆ. ಆದರೆ ವಿದ್ಯಾರ್ಥಿಯ ಕೈಗೆ ಸಿಗುವ ವಾದ್ಯ ಅದಲ್ಲ. ದೇವದೂತನ ಕೈಯಲ್ಲಿದ್ದದ್ದು ಕೆಲವೇ ಕೀಲಿಗಳ, ಕೆಲವೇ ಸ್ವರಗಳ ಸಾಧನ. ಈಗಿನ, ಹನ್ನೆರಡೂ ಸ್ವರ ಹೊರಡಿಸುವ ಮಾದರಿ ರೂಪುಗೊಂಡದ್ದು 1929ರಲ್ಲಿ ಆಗಸ್ಟ್ ಬೂಲಿನ್ ಎಂಬ ವಾದಕನ ಕೈಯಲ್ಲಿ. ಅದನ್ನು ತಿದ್ದಿ ಪಳಗಿಸಿದವರು ಇದೇ ಸೀಮೆಯ ಎರಿಕ್ ಸಾಲ್‌ಸ್ಟ್ರೋಮ್ (1912–1986). ನಮ್ಮ ಸಿನಿಮಾಕ್ಕೆ ಮಾತು ಬಂದದ್ದು 1930ರ ದಶಕದಲ್ಲಿ. ಈ ‘ಸಾಂಪ್ರದಾಯಿಕ’ ವಾದ್ಯದ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ.

ಸಾಲ್‌ಸ್ಟ್ರೋಮ್ ಮಾಡಿದ್ದು ಇನ್ನೂ ಒಂದಿದೆ. 19ನೇ ಶತಮಾನದಲ್ಲಿ ಎದ್ದ ಧಾರ್ಮಿಕ ಸುಧಾರಣೆಯ ಅಲೆ ಕುಣಿತವನ್ನೂ ಕುಣಿತದ ವಾದ್ಯವನ್ನೂ ಸೈತಾನನ ಪಾಲಿಗೆ ಹಾಕಿತ್ತು. ಅದರಿಂದ ಬಚಾವಾದದ್ದನ್ನು ಅಕಾರ್ಡಿಯನ್ ನುಂಗಿತು. ಶ್ರುತಿ ಮಾಡುವ ತಾಪತ್ರಯವಿಲ್ಲ, ದನಿ ದೊಡ್ಡದು, ಯಾರು ಬಿಟ್ಟಾರು? 20ನೇ ಶತಮಾನದ ಹೊತ್ತಿಗೆ ನಿಕೆಲ್‌ಹಾರ್ಪಾ ಉಳಿದದ್ದು ಉತ್ತರ ಉಪ್‌ಲಾಂಡ್‌ನ ಬೆರಳೆಣಿಕೆಯ ಊರುಗಳಲ್ಲಿ. ಸಾಲ್‌ಸ್ಟ್ರೋಮ್ ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ. ಹೊಸ ಹಾಡು ಕಟ್ಟಿದರು. ‘ಸ್ಪೆಲ್‌ಮಾನ್ಸ್‌ಗ್ಲೇಡ್ಯೆ’ ಎಂಬ ಅವರ ರಚನೆ ಇಂದು ನುಡಿಸುವವರೆಲ್ಲರ ಬಾಯಿಪಾಠ. ವಾದ್ಯ ಮಾಡುವುದನ್ನೂ ಕಲಿಸಿದರು. 1970ರ ದಶಕದಲ್ಲಿ ದೇಶದ ತುಂಬ ಸಂಜೆ ತರಗತಿಗಳಲ್ಲಿ ಜನ ತಮ್ಮ ವಾದ್ಯವನ್ನು ತಾವೇ ಕೆತ್ತಿಕೊಂಡರು. 1996ರಲ್ಲಿ ಬಂದ 50 ಕ್ರೋನ ನೋಟಿನ ಹಿಂಬದಿಗೂ ನಿಕೆಲ್‌ಹಾರ್ಪಾ ಏರಿತು.

ಪರಂಪರೆಯನ್ನು ಮಾರ್ಪಡಿಸದೆ ಒಪ್ಪಿಸಬೇಕು ಎಂಬ ಹಟ ಇಲ್ಲಿ ಇದ್ದಿದ್ದರೆ ಒಪ್ಪಿಸಲು ವಾದ್ಯವೇ ಉಳಿಯುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಹೊರಗಿನವರ ವಿಷಯದಲ್ಲೂ ಅದೇ ಧಾರಾಳತನ. ಚಿತ್ರಕಾರ ಆಂಡರ್ಸ್ ಸೋರ್ನ್ 1906ರಲ್ಲಿ ಹಳ್ಳಿ ವಾದಕರ ಸ್ಪರ್ಧೆ ನಡೆಸಿದವರು. ಅವರ ಹೆಸರಿನ ಬೆಳ್ಳಿ ಪದಕ ಪಡೆದವರಿಗೆ ‘ರಿಕ್ಸ್‌ಸ್ಪೆಲ್‌ಮಾನ್’ ಎಂಬ ಬಿರುದು. ತೀರ್ಪುಗಾರರು ಕೇಳುವುದು ಒಂದು ಸೀಮೆಯ ಬಾನಿ ಕೈಗೆ ಹತ್ತಿದೆಯೇ ಎಂದು, ಪಾಸ್‌ಪೋರ್ಟ್ ಯಾವುದೆಂದಲ್ಲ. ಸ್ವೀಡನ್ನಿನ ಹೊರಗೆ ಹುಟ್ಟಿದವರೂ ಆ ಬಿರುದು ಪಡೆದಿದ್ದಾರೆ. ಕಲಿತು ಹೋದವರಿಂದ ವಾದ್ಯ ಬೇರೆಡೆಯೂ ಬೇರು ಬಿಟ್ಟಿದೆ. ಜರ್ಮನಿಯ ಫ್ಯೂರ್ಸ್ಟೆನೆಕ್ ಕೋಟೆಯಲ್ಲಿ, ಇಟಲಿಯ ಫೋರ್ಲಿಂಪೋಪೊಲಿಯಲ್ಲಿ ಈಗ ಇದರ ಪಾಠವಿದೆ. 2023ರಲ್ಲಿ ಯುನೆಸ್ಕೊ ಈ ಕಲಿಕೆಯ ಜಾಲವನ್ನು ಪರಂಪರೆ ಉಳಿಸುವ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು. ಮನ್ನಣೆ ಸಿಕ್ಕಿದ್ದು ವಾದ್ಯದ ಹಳೆತನಕ್ಕಲ್ಲ, ಹಂಚುವ ರೀತಿಗೆ.

ಹಾಗೆಂದು ಟೋಬೋದ ಬದುಕು ಸಲೀಸಲ್ಲ. ಅಕ್ಷಾಂಶ 60 ಡಿಗ್ರಿ ದಾಟಿದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಒಣ ಚಳಿಗೆ ಮರ ಕುಗ್ಗುತ್ತದೆ, ಬೇಸಗೆಯ ಪಸೆಗೆ ಉಬ್ಬಿ ಕೀಲಿ ಕಚ್ಚಿಕೊಳ್ಳುತ್ತದೆ. 16 ತಂತಿಯ ಶ್ರುತಿ ಕೂಡಿಸುವಷ್ಟರಲ್ಲಿ ಬೆಳಗಿನ ಉಮೇದು ಅರ್ಧ ಇಳಿದಿರುತ್ತದೆ. ಮಹಾನಗರದಿಂದ ಬಂದವರಿಗೆ ಸಂಜೆ ಹೋಗಲು ಜಾಗವಿಲ್ಲ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಆದರೆ ಕಾಫಿ ಮೇಜಿನ ನಗೆಮಾತು ಸ್ವೀಡಿಷ್‌ನಲ್ಲೇ ನಡೆಯುತ್ತದೆ. ಕಾಫಿ ಬಿಡುವು ಇಲ್ಲಿ ಪಾಠದಷ್ಟೇ ಕಡ್ಡಾಯ. ಸೈಕಲ್ ಇದ್ದರೆ ಓರ್‌ಬಿಹೂಸ್ ಅರಮನೆಗೆ ಹೋಗಿಬರಬಹುದು. ಸೆರೆಯಲ್ಲಿದ್ದ ದೊರೆ 14ನೇ ಎರಿಕ್ 1577ರಲ್ಲಿ ಸತ್ತದ್ದು ಅಲ್ಲಿಯೇ, ಬಟಾಣಿ ಸೂಪಿಗೆ ಬೆರೆಸಿದ ವಿಷದಿಂದ ಎಂಬುದು ಪ್ರತೀತಿ. ಸ್ವೀಡನ್ನಿನಲ್ಲಿ ಗುರುವಾರ ಇಂದಿಗೂ ಬಟಾಣಿ ಸೂಪಿನ ದಿನ. ಹೊಸ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಯಾವ ವಾರ ಹೇಳಬೇಕೆಂದು ಹಳಬರಿಗೆ ಗೊತ್ತಿರಬೇಕು.

ಹೋಗಲು ಬೇರೆ ಜಾಗವಿಲ್ಲದ್ದರಿಂದಲೇ ಜನ ಅಡುಗೆಮನೆಯಲ್ಲಿ ಸೇರಿ ನುಡಿಸುತ್ತಾರೆ. ತರಗತಿಯಲ್ಲಿ ಕಲಿತದ್ದು ಅಲ್ಲಿ ಪಾಕಕ್ಕೆ ಬರುತ್ತದೆ. ಬೇಸಗೆ ಬಂತೆಂದರೆ ಚಿತ್ರವೇ ಬೇರೆ. ಕತ್ತಲಾಗುವುದೇ ಅನುಮಾನ ಎನ್ನುವ ಜೂನ್–ಜುಲೈ ರಾತ್ರಿಗಳಲ್ಲಿ ಊರೂರಿನಲ್ಲಿ ವಾದಕರ ಜಾತ್ರೆ. ವೇದಿಕೆ ಇರುತ್ತದೆ, ಆದರೆ ಅಸಲಿ ಕಚೇರಿ ನಡೆಯುವುದು ಪೊದೆಯ ಮರೆಯಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ. ಎಪ್ಪತ್ತು ದಾಟಿದ ರೈತರ ಪಕ್ಕ ಇಪ್ಪತ್ತರ ಹೊರದೇಶದ ಹುಡುಗಿ ನಿಂತು ಅದೇ ಪೋಲ್ಸ್ಕಾ ನುಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಓಸ್ಟರ್‌ಬಿಬ್ರುಕ್‌ನಲ್ಲಿ 1990ರಿಂದ ನಿಕೆಲ್‌ಹಾರ್ಪಾ ವಿಶ್ವ ಚಾಂಪಿಯನ್‌ಶಿಪ್ ಕೂಡ ನಡೆಯುತ್ತ ಬಂದಿದೆ. ಹೆಸರು ಭಾರೀ, ಸಂಭ್ರಮ ಹಳ್ಳಿಯದು. ಮೊದಲ ಚಾಂಪಿಯನ್ ಊಲೊವ್ ಯೂಹಾನ್ಸನ್ ಮುಂದೆ ‘ವೇಸೆನ್’ ತಂಡದೊಂದಿಗೆ ಈ ವಾದ್ಯವನ್ನು ಲೋಕವಿಡೀ ಹೊತ್ತು ತಿರುಗಿದರು.

ಹೋಗುವ ಮನಸ್ಸಿದ್ದವರಿಗೆ ಎರಡು ಮಾತು. ವರ್ಷವಿಡೀ ಕಲಿಯುವಷ್ಟು ಪುರಸೊತ್ತಿಲ್ಲದವರು ಬೇಸಗೆಯ ಜಾತ್ರೆಗಳ ಹೊತ್ತಿಗೆ ಹೋಗುವುದು ಲೇಸು. ಆರ್ಲಾಂಡಾ ವಿಮಾನ ನಿಲ್ದಾಣದಿಂದ ಉಪ್ಸಲಾಕ್ಕೆ ನೇರ ರೈಲಿದೆ. ವರ್ಷದ ಕೋರ್ಸಿಗೆ ಹೊರಟವರು ವೀಸಾ, ವಾಸ, ಊಟದ ಖರ್ಚಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಸ್ವೀಡನ್ ಅಗ್ಗದ ದೇಶವಲ್ಲ. ಸ್ವರಲಿಪಿ ಓದಲು ಬಾರದಿದ್ದರೆ ಚಿಂತೆಯಿಲ್ಲ. ಕುಣಿಯಲು ನಾಚಿಕೆ ಇದ್ದರೆ ಮಾತ್ರ ಅದನ್ನು ಉಪ್ಸಲಾ ಸ್ಟೇಷನ್ನಿನಲ್ಲೇ ಬಿಟ್ಟು ರೈಲು ಹತ್ತುವುದು ಒಳ್ಳೆಯದು.